ಪೋಲೋ 1.0 ಟಿಎಸ್‌ಐ ಟ್ರ್ಯಾಕ್ ಡೇಗೆ ಒಯ್ಯಬೇಕು, ಮೊದಲು ಏನು ಮಾಡಿಸಲಿ?

ಕೋಟೆಗುಡ್ಡ34, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್‌ಹ್ಯಾಂಡಲ್ಲಿ 2020ರ ಪೋಲೋ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ತಗೊಂಡೆ. ಆರು ಗೇರಿನ ಮ್ಯಾನ್ಯುಯಲ್, 110 ಪಿಎಸ್, 175 ಎನ್‌ಎಂ, ಓಡಿರುವುದು 48 ಸಾವಿರ ಕಿ.ಮೀ. 2022ರಲ್ಲಿ ಪೋಲೋ ನಿಂತ ಮೇಲೆ ಒಳ್ಳೆಯ ಗಾಡಿ ಸಿಗುವುದೇ ಕಷ್ಟ ಆಗಿತ್ತು, ಎಂಟು ತಿಂಗಳು ಹುಡುಕಿದ್ದೇನೆ. ಕೌಲ್ ಬಜಾರಿನಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಮೆಷಿನ್ ಬಿಚ್ಚಿ ಕೂಡಿಸುವುದು ಚಿಕ್ಕಂದಿನಿಂದ ಕೈಗೆ ಬಂದಿದೆ, ಕಾರಿನ ಕೆಲಸವೂ ತಕ್ಕಮಟ್ಟಿಗೆ ಬರುತ್ತದೆ.

ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಗಾಡಿಯನ್ನೇ ಅಲ್ಲಿ ಓಡಿಸಲು ಬಿಡುವ ದಿನಕ್ಕೆ, ಒಯ್ಯಬೇಕು ಅಂತಿದ್ದೇನೆ. ಕೈಯಲ್ಲಿರುವುದು 80 ಸಾವಿರ. ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಮ್ ಬದಲಿಸಿ ಶಕ್ತಿ ಏರಿಸುವುದು), ಕೋನ್ ಏರ್ ಫಿಲ್ಟರ್ (ಕಂಪನಿಯ ಡಬ್ಬಿಯ ಬದಲು ಹಾಕುವ ತೆರೆದ ಫಿಲ್ಟರ್), ಆಮೇಲೆ ದುಡ್ಡು ಉಳಿದರೆ ಎಕ್ಸಾಸ್ಟ್, ಇದು ನನ್ನ ಲೆಕ್ಕ. ಸರಿ ಇದೆಯಾ? ಟ್ರ್ಯಾಕಿನ ಮೇಲೆ ಒಮ್ಮೆಯೂ ಓಡಿಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಭತ್ತದನಾಡು, ಗಂಗಾವತಿ

ರೀಮ್ಯಾಪ್ ಮಾಡಿಸಿ, ಕಣ್ಣು ಮುಚ್ಚಿ ಮಾಡಿಸಿ. ನನ್ನ ಗಾಡಿಗೆ ಮಾಡಿಸಿ ಎರಡು ವರ್ಷ ಆಯಿತು. ಟರ್ಬೊ ಗಾಡಿಯಲ್ಲಿ ಕಡಿಮೆ ದುಡ್ಡಿಗೆ ಇಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಸಿಗಲ್ಲ. ಮೂರನೇ ಗೇರಿನಲ್ಲಿ ಒತ್ತಿದರೆ ಸೀಟಿಗೆ ಅಂಟಿಕೊಳ್ಳುತ್ತೀರಿ.

ಪೆರುಂಗುಡಿಯಿಂದ, ಊರು ಬಳ್ಳಾರಿ

ತಮ್ಮಾ, ರೀಮ್ಯಾಪ್ ದುಡ್ಡನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೋ. ಕೆಲಸದ ಮೇಲೆ ಚೆನ್ನೈಗೆ ಬಂದು ಒಂಬತ್ತು ವರ್ಷ ಆಯಿತು, ಆ ಟ್ರ್ಯಾಕಿಗೆ ಇಲ್ಲಿಯವರೆಗೆ ಹದಿನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಏನಾಯಿತು ಅಂತ ಹೇಳುತ್ತೇನೆ, ಕೇಳು.

ಆಗ ನನ್ನ ಹತ್ತಿರ ಹಳೇ ಸ್ವಿಫ್ಟ್ ಇತ್ತು. ಫಿಲ್ಟರ್, ಎಕ್ಸಾಸ್ಟ್ ಎಲ್ಲ ಹಾಕಿಸಿದ್ದೆ. ಬ್ರೇಕಿನ ಕಡೆ ತಿರುಗಿಯೂ ನೋಡಿರಲಿಲ್ಲ. ಮೂರು ಸುತ್ತು ಚೆನ್ನಾಗಿ ಹೋಯಿತು. ನಾಲ್ಕನೇ ಸುತ್ತಿನಲ್ಲಿ ಪೆಡಲ್ ಒತ್ತಿದರೆ ಹಸಿ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು, ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಪೆಡಲನ್ನು ಟಕಟಕ ಅಂತ ಮೂರ್ನಾಲ್ಕು ಸಲ ಒತ್ತಿ, ಗೇರ್ ಇಳಿಸಿ, ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಇಳಿದು ನಿಂತೆ. ಅಲ್ಲಿ ಜಾಗ ಇತ್ತು, ಬದುಕಿದೆ.

ಬ್ರೇಕ್ ಅಂದರೆ ಓಟವನ್ನು ಕಾವಾಗಿ ಮಾಡುವ ಯಂತ್ರ, ಅಷ್ಟೇ. ನಿನ್ನ ಪೋಲೋ ನೀನು ಕೂತರೆ ಸುಮಾರು 1,150 ಕೆ.ಜಿ. 140 ಕಿ.ಮೀ. ವೇಗದಿಂದ 60ಕ್ಕೆ ಒಮ್ಮೆ ಇಳಿಸಿದರೆ ಹತ್ತಿರ ಹತ್ತಿರ 7 ಲಕ್ಷ ಜೂಲ್ ಶಕ್ತಿ ಕಾವಾಗುತ್ತದೆ. ಎರಡು ಲೀಟರ್ ತಣ್ಣೀರು ಮರಳಿಸಲು ಅಷ್ಟು ಸಾಕು. ಗ್ಯಾಸ್ ಒಲೆಗೆ ಅದಕ್ಕೆ ಹತ್ತು ನಿಮಿಷ ಬೇಕು, ನಿನ್ನ ಬ್ರೇಕು ಅಷ್ಟನ್ನು ನಾಲ್ಕೈದು ಸೆಕೆಂಡಿನಲ್ಲಿ ನುಂಗಬೇಕು. ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೇ. ಒಂದು ಸುತ್ತು 3.7 ಕಿ.ಮೀ., ಹನ್ನೆರಡು ತಿರುವು. ಇಂಥ ಬ್ರೇಕ್ ಸುತ್ತಿಗೆ ಹಲವು ಸಲ ಬರುತ್ತದೆ, ಒಂದು ಸೆಷನ್ ಅಂದರೆ ಹದಿನೈದು ಇಪ್ಪತ್ತು ನಿಮಿಷ. ಡಿಸ್ಕಿಗೆ ಆರಲು ಪುರಸೊತ್ತೇ ಸಿಗುವುದಿಲ್ಲ.

ಆ ಕಾವು ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ಇಳಿದು ಒಳಗಿನ ಬ್ರೇಕ್ ಆಯಿಲ್ ಕುದಿಸುತ್ತದೆ. ಕುದ್ದರೆ ಗುಳ್ಳೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುವುದು ಅದಕ್ಕೇ. ಈಗ ರೀಮ್ಯಾಪ್ ಮಾಡಿಸಿ 140ರ ಜಾಗದಲ್ಲಿ 155 ಹೋದೆ ಅಂತಿಟ್ಟುಕೋ, ಕಾವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇದ್ದ ಬ್ರೇಕಿಗೇ ಇನ್ನಷ್ಟು ಹೊರೆ ಹೊರಿಸಿದ ಹಾಗೆ.

ಅದಿರುಹಾದಿ35, ಸಂಡೂರು

ಪೆರುಂಗುಡಿ ಅಣ್ಣ ಬರೆದದ್ದು ಓದಿ ಬರೆಯಲೇಬೇಕು ಅನ್ನಿಸಿತು. ನನಗೆ ಟ್ರ್ಯಾಕ್ ಗೊತ್ತಿಲ್ಲ. ನಮ್ಮಪ್ಪ ಇಪ್ಪತ್ತೆರಡು ವರ್ಷ ಅದಿರು ಲಾರಿ ಓಡಿಸಿದವರು. ಗುಡ್ಡದ ಮೇಲೆ ತುಂಬಿಕೊಂಡು ಇಳಿಯುವಾಗ ಕ್ಲೀನರ್ ಸೀಟಿನಲ್ಲಿ ನಾನೂ ಎಷ್ಟೋ ಸಲ ಕೂತಿದ್ದೇನೆ. ಬ್ರೇಕ್ ಕಾದರೆ ಮೊದಲು ವಾಸನೆ ಬರುತ್ತದೆ, ಸುಟ್ಟ ಗೋಣಿಚೀಲದ ವಾಸನೆ. ಹೊಗೆ ಕಾಣುವುದು ಆಮೇಲೆ. ಅಪ್ಪ ವಾಸನೆ ಬಂದ ಕೂಡಲೇ ಬದಿಗೆ ಹಾಕಿ, ಚಕ್ರಕ್ಕೆ ಕಟ್ಟಿಗೆಯ ತುಂಡು ಅಡ್ಡ ಕೊಟ್ಟು ಇಳಿಯುತ್ತಿದ್ದರು. ಕಾದ ಡ್ರಮ್ಮಿಗೆ ನೀರು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ, ಸೀಳುತ್ತದೆ ಅಂತ. ಹೊಸ ಡ್ರೈವರ್‌ಗಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: «ಯಾವ ಗೇರಿನಾಗೆ ಏರ್ತೀಯೋ ಅದೇ ಗೇರಿನಾಗೆ ಇಳಿ.»

ಈಗ ಅವರಿಗೆ ನೀವು ಬರೆದ ಲೆಕ್ಕ ಓದಿ ಹೇಳಿದೆ. ಎರಡು ಲೀಟರ್ ನೀರಿನ ಮಾತಿಗೆ ತಲೆ ಆಡಿಸಿದರು.

ಕೋಟೆಗುಡ್ಡ34, ಬಳ್ಳಾರಿ

ಇಬ್ಬರಿಗೂ ಧನ್ಯವಾದ. ಸುಟ್ಟ ಗೋಣಿಚೀಲದ ವಾಸನೆ ಅಂದದ್ದು ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ದೊಡ್ಡ ಡಿಸ್ಕ್ ಹಾಕಿಸಬೇಕಾ? ಹಿಂದೆ ಇರುವುದು ಡ್ರಮ್, ಅದನ್ನೂ ಡಿಸ್ಕ್ ಮಾಡಿಸಬೇಕಾ?

ಪೆರುಂಗುಡಿಯಿಂದ, ಊರು ಬಳ್ಳಾರಿ

ಎರಡೂ ಬೇಡ. ಹಿಂದಿನ ಡ್ರಮ್ ಹಾಗೇ ಇರಲಿ. ಮುಂದೆ ಕಂಪನಿ ಕೊಟ್ಟ ಗಾಳಿ ಆಡುವ ಡಿಸ್ಕೇ ಇರಲಿ, ಮುಖ ಸವೆದು ಅಂಚಿನಲ್ಲಿ ಏಣು ಎದ್ದಿದ್ದರೆ ಹೊಸದು ಹಾಕು. ಬದಲಿಸಬೇಕಾದ್ದು ಬ್ರೇಕ್ ಆಯಿಲ್ ಮತ್ತು ಡಿಸ್ಕನ್ನು ಉಜ್ಜಿ ಹಿಡಿಯುವ ಪ್ಯಾಡ್.

ಆಯಿಲ್ ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲೇ ಎಲ್ಲರೂ ಎಡವುವುದು. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 4 ಅಂದರೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ನೂರಕ್ಕೆ ಮೂರೂಮುಕ್ಕಾಲು ಭಾಗ ನೀರು ಸೇರಿದರೆ ಅದೇ ಡಾಟ್ 4ಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಡಾಟ್ 5.1 ಆದರೆ 260 ಮತ್ತು 180. ರೇಸಿಗೆಂದೇ ಬರುವವು ಹೊಸದಿದ್ದಾಗ 300 ದಾಟುತ್ತವೆ. ನಿನ್ನ ಗಾಡಿಯಲ್ಲಿರುವುದು ಯಾವ ಕಾಲದ್ದೋ ಗೊತ್ತಿಲ್ಲ, ಮೊದಲಿನ ಯಜಮಾನರು ಬದಲಿಸಿರುವ ನಂಬಿಕೆ ನನಗಿಲ್ಲ. ಒಂದು ಎಚ್ಚರ: ಬರೀ ಡಾಟ್ 5 ಅಂತ ಬರೆದಿರುವುದು ಸಿಲಿಕೋನ್, ಅದು ಬೇರೆ ಜಾತಿ, ನಿನ್ನ ಗಾಡಿಗೆ ಸಲ್ಲದು.

ಪ್ಯಾಡ್ ಆರಿಸುವಾಗ ನೆನಪಿಡು, ನೀನು ಅದೇ ಗಾಡಿಯಲ್ಲಿ ಬಳ್ಳಾರಿಗೆ ವಾಪಸ್ ಬರಬೇಕು. ಅನಂತಪುರ, ಕದಿರಿ, ಮದನಪಲ್ಲಿ, ಚಿತ್ತೂರು, ರಾಣಿಪೇಟೆ ಮೇಲೆ ಬಂದರೆ 500 ಕಿ.ಮೀ. ಹತ್ತಿರ. ಅಪ್ಪಟ ರೇಸ್ ಪ್ಯಾಡ್ ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ. ಬೆಳಗಿನ ಜಾವ ಹೈವೇಯಲ್ಲಿ ಎಮ್ಮೆ ಅಡ್ಡ ಬಂದರೆ ಅದು ಕಾಯುವ ತನಕ ಎಮ್ಮೆ ಕಾಯುವುದಿಲ್ಲ. ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ಮಧ್ಯಮ ತರಗತಿಯದು ತಗೋ. ಡಬ್ಬಿಯ ಮೇಲಿನ ಕೋಡ್ ಪರೀಕ್ಷಿಸಿ ತಗೋ, ಪ್ಯಾಡಿನಲ್ಲಿ ಡುಪ್ಲಿಕೇಟ್ ಮಾಲು ತುಂಬಾ ಬರುತ್ತದೆ.

ಕಿನ್ನಾಳಬಣ್ಣ37, ಕೊಪ್ಪಳ

ನಂದೊಂದು ಮಾತು ಐತ್ರಿ. ಸ್ಪ್ರಿಂಗ್ ಮುಟ್ಟಬ್ಯಾಡ್ರಿ. ಯಾರಾದ್ರೂ «ಒಂದು ಸುತ್ತು ಕತ್ತರಿಸಿ ಕೆಳಗ ಮಾಡ್ತೀನಿ» ಅಂದ್ರ ಅಲ್ಲಿಂದ ಗಾಡಿ ತಗೊಂಡು ಬಂದುಬಿಡ್ರಿ. ನಮ್ಮ ತಮ್ಮ ಹಂಗ ಮಾಡ್ಸಿಕೊಂಡು ಬಂದಿದ್ದ. ಅಂಗಡಿ ಹೆಸರು ಬ್ಯಾಡ. ಹಂಪ್ ಮ್ಯಾಲೆ ಹತ್ತಿಸಿದಾಗ ಸ್ಪ್ರಿಂಗ್ ತನ್ನ ಜಾಗಾ ಬಿಟ್ಟು ಹೊರಳಿತ್ತು, ಟಯರ್ ಒಳಗಿನ ಗೋಡಿ ಎಲ್ಲಾ ಹೆರೆದು ದಾರ ಕಾಣ್ತಿತ್ತು. ಮನ್ಯಾಗ ಸಣ್ಣ ಮಕ್ಕಳು ಕೂಡೋ ಗಾಡಿ ಅದು. ಇವತ್ತಿಗೂ ನೆನೆಸಿಕೊಂಡ್ರ ಹೊಟ್ಟಿ ಉರಿತೈತಿ.

ಅಲೈನ್‌ಮೆಂಟ್ ಮಾಡ್ಸ್ರಿ. ಮುಂದಿನ ಚಕ್ರ ಮ್ಯಾಲಿನ ಕಡೆ ಸ್ವಲ್ಪ ಒಳಗ ವಾಲಿದ್ರ, ಅಂದ್ರ ನೆಗೆಟಿವ್ ಕ್ಯಾಂಬರ್ ಇದ್ರ, ತಿರುವಿನ್ಯಾಗ ಗಾಡಿ ವಾಲಿದಾಗ ಟಯರ್ ಪೂರಾ ನೆಲ ಹಿಡಿತೈತಿ. ಇಲ್ಲಾಂದ್ರ ಹೊರಗಿನ ಅಂಚೇ ಸವೆದು ಹೋಗ್ತೈತಿ. ಕ್ಯಾಂಬರ್ ಬೋಲ್ಟ್ ಹಾಕ್ಸಿದ್ರ ಒಂದು ಡಿಗ್ರಿ ಆಚೀಚೆ ಸಿಗ್ತೈತಿ. ಮುಂದಿನ ಚಕ್ರ ಎಳೆಯೋ ಗಾಡಿ ಇದು, ತಿರುವಿನ್ಯಾಗ ಮೂಗು ಹೊರಗ ಹೋಗೋದೇ ಇದರ ಸ್ವಭಾವ.

ಕೃಷ್ಣೆಯಾಚೆ36, ರಾಯಚೂರು

ಕಾನೂನಿನ ಮಾತು ಯಾರೂ ಎತ್ತಿಲ್ಲ, ಅದಕ್ಕ ಬರೀತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದ ನೋಡ್ರಿ, ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆ ಮಾಡಂಗಿಲ್ಲ ಅಂತದ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೂ ಇದನ್ನೇ ಹೇಳ್ಯದ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೇರಿಸಿ, ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಇಟ್ಟಾರ. ಗದ್ದಲ ಮಾಡೋ ಎಕ್ಸಾಸ್ಟ್ ಹಾಕ್ಕೊಂಡು ಮೋತಿ ಸರ್ಕಲ್ ದಾಟೋದು ಬ್ಯಾಡ. ಇನ್ನೊಂದು, ಟ್ರ್ಯಾಕಿನ ಮ್ಯಾಲ ಪೆಟ್ಟಾದ್ರ ಸಾಮಾನ್ಯ ಇನ್ಶೂರೆನ್ಸ್ ಬರಂಗಿಲ್ಲ. ಪಾಲಿಸಿ ಕಾಗದ ತೆಗೆದು ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಅನ್ನೋ ಸಾಲು ಹುಡುಕಿ ಓದ್ರಿ. ಗಾಡಿ ಹೋದ್ರ ಹೋಯ್ತು ಅನ್ನೋ ಧೈರ್ಯ ಇದ್ದಷ್ಟೇ ವೇಗ ಹೋಗ್ರಿ.

ಭತ್ತದನಾಡು, ಗಂಗಾವತಿ

ಬ್ರೇಕಿನ ಮಾತು ಒಪ್ಪಿದೆ. ರೀಮ್ಯಾಪ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ರಸ್ತೆಯಲ್ಲಿ ಅದರ ಖುಷಿಯೇ ಬೇರೆ. ಆದರೆ ಕೋನ್ ಫಿಲ್ಟರ್ ಮಾತ್ರ ಹಾಕಬೇಡಿ. ನಾನು ಹಾಕಿಸಿ ತೆಗೆದವನು. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಮೇಲೆ ನಮ್ಮ ಧೂಳು. ತೋರಣಗಲ್ಲು ದಾಟಿ ಹೊಸಪೇಟೆ ಕಡೆ ನಾಲ್ಕು ತಿಂಗಳು ಓಡಾಡಿದ ಮೇಲೆ ಪೈಪ್ ಬಿಚ್ಚಿ ಬೆರಳು ಆಡಿಸಿದೆ, ಒಳಗೋಡೆಯ ತುಂಬ ಕುಂಕುಮದ ಹಾಗೆ ಕೆಂಪು ಪುಡಿ. ಫಿಲ್ಟರ್ ದಾಟಿ ಬಂದದ್ದು ಅದು, ಟರ್ಬೊ ರೆಕ್ಕೆಗೆ ಹೋಗುವ ದಾರಿಯಲ್ಲಿತ್ತು. ಅವತ್ತೇ ಕಂಪನಿಯ ಡಬ್ಬಿ ವಾಪಸ್ ಕೂಡಿಸಿ ಹೊಸ ಪೇಪರ್ ಫಿಲ್ಟರ್ ಹಾಕಿದೆ.

ಕೋಟೆಗುಡ್ಡ34, ಬಳ್ಳಾರಿ

ರೀಮ್ಯಾಪ್, ಕೋನ್, ಎಕ್ಸಾಸ್ಟ್ ಮೂರನ್ನೂ ಕೈಬಿಟ್ಟೆ. ಪ್ಯಾಡ್, ಆಯಿಲ್ ಬಂದವು. ಭಾನುವಾರ ಮನೆ ಮುಂದೆಯೇ ಕೆಲಸ ಮುಗಿಸಿದೆ.

ತಂಗಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ «ಒತ್ತು», «ಹಿಡಿ», «ಬಿಡು» ಅಂತ ಮೂರು ಮಾತು ಕಲಿಸಿದೆ. ನಾನು ಹಳೇ ಆಯಿಲ್ ಹೊರಬಿಡಲು ಬ್ರೇಕಿನ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ ಇನ್ನೊಂದು ತುದಿ ಬಾಟಲಿಯೊಳಗೆ, ಆಯಿಲಿನಲ್ಲಿ ಮುಳುಗುವಂತೆ ಇಟ್ಟೆ. ಅವಳು ಒತ್ತಿ ಹಿಡಿದಾಗ ನಿಪ್ಪಲ್ ಕಾಲು ಸುತ್ತು ಸಡಿಲಿಸುವುದು, ಬಿಗಿದ ಮೇಲೆಯೇ ಅವಳು ಪೆಡಲ್ ಬಿಡುವುದು. ಮೊದಲು ಬಂದದ್ದು ಕಡಕ್ ಚಹಾದ ಬಣ್ಣ. ಹಿಂದಿನ ಎಡಚಕ್ರದಲ್ಲಂತೂ ಕಪ್ಪು ಕಾಫಿಯೇ. ಹತ್ತು ಹನ್ನೆರಡು ಸಲ ಆದ ಮೇಲೆ ತೆಳು ಜೇನಿನ ಬಣ್ಣಕ್ಕೆ ತಿರುಗಿತು, ಸಣ್ಣ ಗುಳ್ಳೆಗಳು ಸಾಲಾಗಿ ಹೋಗಿ ನಿಂತವು. ಮೇಲಿನ ಡಬ್ಬಿ ಖಾಲಿಯಾಗಿ ಗಾಳಿ ಎಳೆಯದ ಹಾಗೆ ಅಮ್ಮ ಪಕ್ಕದಲ್ಲಿ ನಿಂತು ನೋಡಿಕೊಂಡರು. ಒಂದೂವರೆ ಗಂಟೆ ಹಿಡಿಯಿತು. ಪೆಡಲ್ ಈಗ ಕಲ್ಲಿನ ಹಾಗಿದೆ, ಈ ಗಾಡಿ ತಗೊಂಡಾಗಿನಿಂದ ಹೀಗಿರಲೇ ಇಲ್ಲ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಬೆಳಿಗ್ಗೆ ಐದಕ್ಕೆ ಹೊಸಪೇಟೆ ಹೈವೇಯಲ್ಲಿ ಒಂದು ಸುತ್ತು ಹಾಕಲಾ? 100ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಬೇಕು ಅಂತ ಡಬ್ಬಿಯ ಮೇಲಿದೆ.

ಅದಿರುಹಾದಿ35, ಸಂಡೂರು

ದಯವಿಟ್ಟು ಹೈವೇಯಲ್ಲಿ ಬೇಡ. ಆ ಹೊತ್ತಿಗೆ ಕುರಿ ಹಿಂಡು ರಸ್ತೆ ದಾಟುತ್ತದೆ, ರಾತ್ರಿಯೆಲ್ಲ ಓಡಿಸಿದ ಲಾರಿಯವರು ನಿದ್ದೆಗಣ್ಣಲ್ಲಿ ನಿಮ್ಮ ಹಿಂದೆಯೇ ಇರುತ್ತಾರೆ. ಕಾರಣವಿಲ್ಲದೆ ನೀವು ಬ್ರೇಕ್ ಹೊಡೆದರೆ ಅವರಿಗೆ ಏನು ತಿಳಿಯಬೇಕು?

ಪೆರುಂಗುಡಿಯಿಂದ, ಊರು ಬಳ್ಳಾರಿ

ಅವರು ಹೇಳಿದ್ದೇ ಸರಿ. ಮೊದಲ ಸೆಷನ್ನನ್ನು ಅದಕ್ಕೇ ಮೀಸಲಿಡು. ಮೆಲ್ಲಗೆ ಶುರು ಮಾಡಿ ಸುತ್ತಿಂದ ಸುತ್ತಿಗೆ ಬ್ರೇಕ್ ಗಟ್ಟಿ ಮಾಡುತ್ತಾ ಹೋಗು, ಕೊನೆಯ ಸುತ್ತು ಬ್ರೇಕ್ ಮುಟ್ಟದೆ ಗಾಳಿಗೆ ಆರಿಸಿಕೊಂಡು ಬಾ. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕಾದ ಡ್ರಮ್ಮಿಗೆ ಶೂ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡು, ಸಂಡೂರಿನ ಅಪ್ಪನವರು ಮಾಡುತ್ತಿದ್ದ ಹಾಗೆ.

ಹೊರಡುವ ಮುಂಚೆ: ಚಕ್ರದ ಬೋಲ್ಟ್ 120 ಎನ್‌ಎಂಗೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ ಬಿಗಿ, ಪಂಕ್ಚರ್ ಅಂಗಡಿಯ ಗಾಳಿ ಗನ್ ನಂಬಬೇಡ. ಎಂಜಿನ್ ಆಯಿಲ್ ಮೇಲಿನ ಗೆರೆಯ ಹತ್ತಿರ ಇರಲಿ, ಗೆರೆ ದಾಟದಿರಲಿ. ಕಡಿಮೆ ಇದ್ದರೆ ಉದ್ದ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪು ಗಾಳಿ ಎಳೆಯುತ್ತದೆ. ಅಲ್ಲಿಗೆ ಹೋದ ಮೇಲೆ ಸ್ಟೆಪ್ನಿ, ಜಾಕ್ ಎಲ್ಲ ಇಳಿಸಿಡು, ಡ್ರೈವರ್ ಕಾಲಡಿಯ ಮ್ಯಾಟ್ ಮರೆಯದೆ ತೆಗೆ. ಹೆಲ್ಮೆಟ್, ತುಂಬುತೋಳಿನ ಹತ್ತಿ ಅಂಗಿ, ನಾಲ್ಕೈದು ಲೀಟರ್ ನೀರು. ಇಲ್ಲಿಯ ಸೆಕೆ ಬಳ್ಳಾರಿಯ ಬಿಸಿಲಿನ ಹಾಗಲ್ಲ, ಬೆವರು ಆರುವುದೇ ಇಲ್ಲ.

ಕೋಟೆಗುಡ್ಡ34, ಬಳ್ಳಾರಿ

ಹೋಗಿ ಬಂದೆ. ನಿನ್ನೆ ರಾತ್ರಿ ಮನೆ ಮುಟ್ಟಿದೆ, ಇನ್ನೂ ಕೈಯಲ್ಲಿ ಸ್ಟೀರಿಂಗಿನ ನಡುಕ ಇದೆ.

ಒಟ್ಟು ನಾಲ್ಕು ಸೆಷನ್. ಮೊದಲನೆಯದು ಅಣ್ಣ ಹೇಳಿದ ಹಾಗೆ ಪ್ಯಾಡಿಗೆ ಮತ್ತು ದಾರಿ ಕಲಿಯುವುದಕ್ಕೆ. ಹಿಂದೆ ವೇಗದ ಗಾಡಿ ಬಂದರೆ ನೀಲಿ ಬಾವುಟ ತೋರಿಸುತ್ತಾರೆ, ಬಿಟ್ಟುಕೊಡಬೇಕು. ಆ ಸೆಷನ್ ಪೂರ್ತಿ ನಾನು ನೀಲಿ ಬಾವುಟವನ್ನೇ ನೋಡಿದೆ.

ಟಯರಿನ ಪಾಠ ದೊಡ್ಡದು. ಬೆಳಿಗ್ಗೆ ತಣ್ಣಗಿದ್ದಾಗ ನಾಲ್ಕಕ್ಕೂ 30 ಪಿಎಸ್‌ಐ ಇಟ್ಟಿದ್ದೆ. ಎರಡನೇ ಸೆಷನ್ ಮುಗಿಸಿ ಬಂದ ಕೂಡಲೇ ಅಳೆದರೆ ಮುಂದಿನ ಎಡದ್ದು 39. ಟ್ರ್ಯಾಕ್ ಬಲಕ್ಕೆ ಸುತ್ತುತ್ತದೆ, ಭಾರವೆಲ್ಲ ಎಡಚಕ್ರದ ಮೇಲೆ. ಟಯರ್ ಬಲೂನಿನ ಹಾಗೆ ಉಬ್ಬಿ ನಡುಭಾಗ ಮಾತ್ರ ನೆಲ ಹಿಡಿಯುತ್ತಿತ್ತು, ಗಾಡಿ ಸೋಪಿನ ನೀರಿನ ಮೇಲೆ ಹೋದ ಹಾಗೆ ಮೂಗು ಹೊರಗೆ ಹಾಕುತ್ತಿತ್ತು. ಬಿಸಿ ಇರುವಾಗಲೇ ಎಲ್ಲ 34ಕ್ಕೆ ಇಳಿಸಿದೆ. ಪಕ್ಕದವರೊಬ್ಬರು ಟಯರಿನ ಭುಜಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು, ಗೆರೆ ಎಲ್ಲಿಯವರೆಗೆ ಅಳಿಸುತ್ತದೋ ಅಲ್ಲಿಯವರೆಗೆ ಟಯರ್ ಹೊರಳುತ್ತಿದೆ ಅಂತ ಲೆಕ್ಕ. ಮೂರನೇ ಸೆಷನ್ ಬೇರೆಯೇ ಗಾಡಿ. ಗಾಡಿಯಲ್ಲಿ ಒಂದು ಸ್ಕ್ರೂ ಬದಲಿಸಿರಲಿಲ್ಲ, ಮೊದಲ ಸೆಷನ್ನಿಗಿಂತ ಸುತ್ತಿಗೆ ಒಂಬತ್ತು ಸೆಕೆಂಡ್ ಬೇಗ ಬಂದಿದ್ದೆ.

ಮಧ್ಯಾಹ್ನದ ನಾಲ್ಕನೇ ಸೆಷನ್‌ನಲ್ಲಿ ಐದನೇ ಸುತ್ತಿಗೆ ಎಂಜಿನ್ ಸ್ವಲ್ಪ ಮಂಕಾಯಿತು, ಮೇಲಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆ. ಅದೇ ಹೊತ್ತಿಗೆ ಆ ವಾಸನೆ ಬಂತು. ಗೋಣಿಚೀಲ. ಪೆಡಲ್ ಇನ್ನೂ ಗಟ್ಟಿಯಾಗಿಯೇ ಇತ್ತು, ಆದರೂ ಕಾಲು ತಾನಾಗಿ ಹಿಂದಕ್ಕೆ ಬಂತು. ಬದಿಯ ಗಾಡಿಗಳಿಗೆ ದಾರಿ ಬಿಟ್ಟು, ಬ್ರೇಕ್ ಮುಟ್ಟದೆ ಒಂದು ಸುತ್ತು ಪೂರ್ತಿ ಆರಿಸಿಕೊಂಡು ಒಳಗೆ ಬಂದೆ, ಚಕ್ರಕ್ಕೆ ಇಟ್ಟಿಗೆ ಕೊಟ್ಟೆ. ಬಾನೆಟ್ ಎತ್ತಿ ನೋಡುವಾಗ ತಂಗಿಯ ಫೋನ್ ಬಂತು, «ಪೆಡಲ್ ಹೆಂಗಿದೆ» ಅಂತ ಅವಳು ಕೇಳಿದ ಮೊದಲ ಮಾತು.

ಪ್ಯಾಡ್, ಆಯಿಲ್, ಹೆಲ್ಮೆಟ್, ಅಲೈನ್‌ಮೆಂಟ್, ಪ್ರವೇಶ ಶುಲ್ಕ, ಪೆಟ್ರೋಲ್ ಎಲ್ಲ ಸೇರಿ 47 ಸಾವಿರ ಆಗಿದೆ. ಉಳಿದದ್ದರಲ್ಲಿ ಇನ್ನೊಂದು ದಿನ ಹೋಗಿಬರುತ್ತೇನೆ.

ಭತ್ತದನಾಡು, ಗಂಗಾವತಿ

ಆ ಮಂಕು ಆದದ್ದು ಕಾವಿಗೇ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಈ ಎಂಜಿನ್ನಿನಲ್ಲಿ ನೀರಿನದು, ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ. ಆ ನೀರು ಕಾದರೆ ಒಳಗೆ ಹೋಗುವ ಗಾಳಿಯೂ ಕಾಯುತ್ತದೆ, ಎಂಜಿನ್ ಉಳಿಸಿಕೊಳ್ಳಲು ಇಸಿಯು ತಾನೇ ಶಕ್ತಿ ಇಳಿಸುತ್ತದೆ. ರೀಮ್ಯಾಪ್ ಆಗಿದ್ದರೆ ಇನ್ನೂ ಬೇಗ ಹೀಗಾಗುತ್ತಿತ್ತು, ಇದನ್ನು ಒಪ್ಪುತ್ತೇನೆ. ಮುಂದಿನ ಸಲ ಬಂಪರ್ ಬಿಚ್ಚಿ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಕೆಂಪು ಧೂಳನ್ನು ಒಳಗಿನಿಂದ ಹೊರಗೆ ಸಣ್ಣ ನೀರಿನಲ್ಲಿ ತೊಳೆದುಕೊಂಡು ಹೋಗಿ. ನಾನೂ ಬರಬಹುದಾ?

ಅದಿರುಹಾದಿ35, ಸಂಡೂರು

ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ವಾಸನೆ ಬಂದಾಗ ನಿಲ್ಲಿಸಿದ್ದಕ್ಕೆ ತುಂಬಾ ಸಂತೋಷಪಟ್ಟರು. ಪ್ಯಾಡ್ ಬಿಚ್ಚಿ ನೋಡಿದ್ದಾನಾ, ಒಳಗಿನದು ಹೊರಗಿನದು ಸಮ ಸವೆದಿದೆಯಾ ಅಂತ ಕೇಳುತ್ತಿದ್ದಾರೆ.

ಕೋಟೆಗುಡ್ಡ34, ಬಳ್ಳಾರಿ

ಈಗಷ್ಟೇ ಬಿಚ್ಚಿದೆ. ಬಲಗಡೆ ಎರಡೂ 8 ಮಿ.ಮೀ. ಎಡಗಡೆ ಹೊರಗಿನದು 8, ಒಳಗಿನದು 6.

ಅದಿರುಹಾದಿ35, ಸಂಡೂರು

ಎಡಗಡೆ ಕ್ಯಾಲಿಪರ್ ಆಚೀಚೆ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಅಂತಾರೆ. ರಬ್ಬರ್ ಬೂಟ್ ತೆಗೆದು ಹಳೇ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಸವರಿ, ಕೈಯಿಂದ ಒತ್ತಿದರೆ ಸಲೀಸಾಗಿ ಜಾರಬೇಕಂತೆ. ಬುಧವಾರ ಬಳ್ಳಾರಿಗೆ ಬರುವ ಕೆಲಸ ಇದೆ. ಗಾಡಿ ಮನೆಯಲ್ಲಿದ್ದರೆ ಅಪ್ಪ ಒಮ್ಮೆ ಕೈಯಾರೆ ನೋಡಬೇಕು ಅಂತಿದ್ದಾರೆ, ಚಕ್ರ ಕೂಡಿಸಬೇಡಿ.